ಮಾರಾಟವಾಗದ ಇ-ಪುಸ್ತಕ: ದೋಷ ಬೆಲೆಯದೇ?

ಪ್ರಕಾಶಕನೊಬ್ಬನು ತನ್ನ ನೂರಿನ್ನೂರು ಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತಂದು, ಅವುಗಳಿಗಾಗಿ ಆನ್‌ಲೈನ್ ಅಂಗಡಿಯೊಂದನ್ನು ತೆರೆದು, ಇನ್ನು ಕಾಗದದ ಖರ್ಚಿಲ್ಲ, ಗೋದಾಮಿನ ಬಾಡಿಗೆಯಿಲ್ಲ, ಅಂಚೆಯ ವೆಚ್ಚವಿಲ್ಲ, ಗೆದ್ದಲಿನ ಭಯವಿಲ್ಲ ಎಂಬ ಸಮಾಧಾನದಲ್ಲಿರುವಾಗ, ತಿಂಗಳ ಕೊನೆಯ ಲೆಕ್ಕದಲ್ಲಿ ಮಾರಾಟವಾದ ಪ್ರತಿಗಳನ್ನು ಬೆರಳಿನಲ್ಲಿ ಎಣಿಸಿ ಮುಗಿಸಬಹುದಾಗಿರುವುದನ್ನು ಕಂಡನೆಂದರೆ, ಅವನು ಕೈಗೊಳ್ಳುವ ಮೊದಲ ಉಪಾಯ ಪ್ರಾಯಶಃ ಒಂದೇ ಆಗಿರುತ್ತದೆ: ಬೆಲೆ ಇಳಿಸುವುದು. ನೂರಿಪ್ಪತ್ತಕ್ಕಿದ್ದುದು ಎಂಬತ್ತಕ್ಕೆ ಬರುತ್ತದೆ, ಎಂಬತ್ತರಿಂದ ನಲವತ್ತೊಂಬತ್ತಕ್ಕೆ, ಅಲ್ಲಿಂದ ಹಬ್ಬದ ರಿಯಾಯಿತಿಯ ಹೆಸರಿನಲ್ಲಿ ಇನ್ನೂ ಕೆಳಕ್ಕೆ. ಆದರೂ ಮಾರಾಟದ ಅಂಕೆ ಅಲ್ಲಾಡುವುದಿಲ್ಲ. ಕಡೆಗೆ ಅವನು, ಕನ್ನಡದಲ್ಲಿ ಓದುವವರೇ ಇಲ್ಲವೆಂಬ, ಹೇಳುವುದಕ್ಕೆ ಬಹು ಸುಲಭವೂ ರುಜುವಾತುಪಡಿಸುವುದಕ್ಕೆ ಬಹು ಕಷ್ಟವೂ ಆದ ತೀರ್ಮಾನಕ್ಕೆ ಬಂದು ಕೈಚೆಲ್ಲುತ್ತಾನೆ.

ಓದುಗರಿಲ್ಲವೆಂಬ ಮಾತನ್ನು ಒಪ್ಪುವುದಕ್ಕೆ ಮುಂಚೆ, ಬಂದ ಓದುಗನು ಯಾವ ಹೊಸ್ತಿಲಿನಿಂದ ಹಿಂದಿರುಗಿದನೆಂಬುದನ್ನು ವಿಚಾರಿಸುವುದು ನ್ಯಾಯ. ಡಿಜಿಟಲ್ ಸರಕು ಮಾರಾಟವಾಗದಿರುವುದಕ್ಕೆ ಬೆಲೆ ಕಾರಣವಾಗಿರುವ ಸಂದರ್ಭಗಳು ವ್ಯಾಪಾರಿಗಳು ಊಹಿಸುವುದಕ್ಕಿಂತ ಬಹಳ ಕಡಮೆ; ಸರಕು ಕಣ್ಣಿಗೆ ಬೀಳದಿರುವುದು, ಬಿದ್ದರೂ ನಂಬಿಕೆ ಹುಟ್ಟದಿರುವುದು, ನಂಬಿದರೂ ಹಣ ಕೊಡುವ ದಾರಿ ದುರ್ಗಮವಾಗಿರುವುದು, ಕೊಟ್ಟ ಮೇಲೂ ವಸ್ತು ತನ್ನದೆಂಬ ಭಾವನೆ ಬಾರದಿರುವುದು, ಈ ನಾಲ್ಕರಲ್ಲಿ ಒಂದಾದರೂ ಇರುವೆಡೆಯಲ್ಲಿ ರಿಯಾಯಿತಿಯೆಂಬುದು ರೋಗವೊಂದಕ್ಕೆ ಮದ್ದು ಮತ್ತೊಂದು ಎಂಬಂತಾಗುತ್ತದೆ. ಇಲ್ಲಿ ಕನ್ನಡದ ಇ-ಪುಸ್ತಕವನ್ನೇ ಉದಾಹರಣೆಯಾಗಿಟ್ಟುಕೊಂಡಿದ್ದರೂ, ಆಡಿಯೋ ಪುಸ್ತಕ, ಸಂಗೀತ, ಸಂಗೀತ ಕಲಿಸುವ ಪಾಠಮಾಲೆ, ಅಕ್ಷರವಿನ್ಯಾಸ, ತಂತ್ರಾಂಶ ಮೊದಲಾದ ಎಲ್ಲ ನಿರಾಕಾರ ಸರಕುಗಳಿಗೂ ಈ ವಿಚಾರ ಸಲ್ಲುತ್ತದೆ.

ಸ್ವಂತ ಅಂಗಡಿಯ ಪ್ರಶ್ನೆ ಕನ್ನಡಕ್ಕೆ ವಿಶೇಷವಾಗಿ ಬಂದುದಕ್ಕೆ ಕಾರಣವೂ ಉಂಟು. 2016ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಮಳಿಗೆಯನ್ನು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾರತೀಯ ಭಾಷೆಗಳಿಗೆ ತೆರೆದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ದೊಡ್ಡ ಅಂಗಡಿಯ ಬಾಗಿಲು ತೆರೆಯದೆಹೋದಾಗ ಕನ್ನಡಿಗರು ತಮ್ಮ ಅಂಗಡಿಗಳನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಮೈಲ್ಯಾಂಗ್, ಋತುಮಾನ ಮೊದಲಾದವು ಇಂಥ ಪ್ರಯತ್ನಗಳು. ಅಂಗಡಿ ಸ್ವಂತದ್ದಾದಾಗ ಲಾಭ ಹೇಗೆ ಸ್ವಂತದ್ದೋ ಹಾಗೆಯೇ ಅದರ ಸಮಸ್ತ ಲೋಪಗಳ ಹೊಣೆಯೂ ಸ್ವಂತದ್ದಾಗುತ್ತದೆ.

ಸರಕಿನ ಸ್ವಭಾವ

ಈ ಸರಕಿನಲ್ಲಿ ಒಂದು ಹುಟ್ಟುತೊಡಕು ಇದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ ಅವರು 1962ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅದನ್ನು ನಿಖರವಾಗಿ ಗುರುತಿಸಿದರು: ಜ್ಞಾನವನ್ನೋ ಮಾಹಿತಿಯನ್ನೋ ಕೊಳ್ಳಬಯಸುವವನಿಗೆ ಅದು ಕೈಸೇರುವ ತನಕ ಅದರ ಮೌಲ್ಯ ತಿಳಿಯುವುದಿಲ್ಲ, ಕೈಸೇರಿ ಮೌಲ್ಯ ತಿಳಿದ ಮೇಲೆ ಅದಕ್ಕಾಗಿ ಹಣ ಕೊಡಬೇಕಾದ ಅಗತ್ಯವೇ ಉಳಿದಿರುವುದಿಲ್ಲ. ಪೂರ್ತಿ ತೋರಿಸಿದರೆ ಮಾರುವುದಕ್ಕೇನೂ ಉಳಿಯದು. ಏನೂ ತೋರಿಸದಿದ್ದರೆ ಕೊಳ್ಳುವುದಕ್ಕೆ ಯಾರೂ ಮುಂದೆ ಬಾರರು. ಈ ಎರಡು ಅತಿರೇಕಗಳ ನಡುವೆ, ಎಷ್ಟು ತೋರಿಸಬೇಕು, ಯಾವುದನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಅರಿಯುವುದೇ ಈ ವ್ಯಾಪಾರದ ಮರ್ಮ.

ಎರಡನೆಯ ವೈಲಕ್ಷಣ್ಯ ವೆಚ್ಚಕ್ಕೆ ಸಂಬಂಧಿಸಿದುದು. ಕಾರ್ಲ್ ಶಪಿರೊ ಮತ್ತು ಹ್ಯಾಲ್ ವೇರಿಯನ್ ಅವರು 1999ರಲ್ಲಿ ಪ್ರಕಟಿಸಿದ ‘ಇನ್ಫರ್ಮೇಷನ್ ರೂಲ್ಸ್’ ಎಂಬ ಗ್ರಂಥದಲ್ಲಿ ವಿವರಿಸಿರುವಂತೆ, ಇಂಥ ಸರಕುಗಳಲ್ಲಿ ಮೊದಲನೆಯ ಪ್ರತಿಯನ್ನು ಸಿದ್ಧಪಡಿಸುವುದಕ್ಕೆ ಬಹಳ ಹಣ ಬೇಕು, ಎರಡನೆಯದರಿಂದ ಮುಂದಕ್ಕೆ ಹೆಚ್ಚುಕಡಮೆ ಏನೂ ಬೇಡ. ಲೇಖಕನ ವರ್ಷಗಟ್ಟಲೆಯ ಪರಿಶ್ರಮ, ಕರಡು ತಿದ್ದಿದವನ ಸಂಬಳ, ಮುಖಪುಟದ ಚಿತ್ರ, ಕಥೆ ಓದುವ ಕಲಾವಿದನ ಸಂಭಾವನೆ, ಇವೆಲ್ಲ ಆ ಮೊದಲ ಪ್ರತಿಯೊಳಗೇ ಅಡಗಿವೆ. ಮುಂದಿನ ಪ್ರತಿಗೆ ಖರ್ಚಿಲ್ಲವೆಂಬ ಕಾರಣಕ್ಕೆ ಬೆಲೆಯನ್ನು ಇಳಿಸುತ್ತ ಹೋದರೆ ಅದಕ್ಕೆ ತಡೆಯೆಂಬುದೇ ಇಲ್ಲ. ಅದು ಸೊನ್ನೆಯಲ್ಲಿಯೇ ಹೋಗಿ ನಿಲ್ಲತಕ್ಕದ್ದು.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದನ್ನು ಕನ್ನಡಿಗರೆಲ್ಲ ಅಭಿಮಾನದಿಂದ ಸ್ಮರಿಸುತ್ತಾರೆ. ಅವರು ಆ ದಾರಿಯಲ್ಲಿ ಕೊಂಡೊಯ್ದದ್ದು ಪುಸ್ತಕಗಳನ್ನು ಮಾತ್ರವಲ್ಲ. ಗ್ರಂಥಕರ್ತನೇ ಎದುರಿಗೆ ನಿಂತಿರುವಾಗ ಪುಸ್ತಕ ಇದೆಯೆಂಬ ಸುದ್ದಿ ತಾನಾಗಿ ತಿಳಿಯುತ್ತಿತ್ತು. ಒಂದೆರಡು ಹಾಳೆ ತಿರುವಿ ನೋಡುವುದಕ್ಕೆ ಅವಕಾಶವಿತ್ತು. ಹಣವನ್ನು ಕೈಯಿಂದ ಕೈಗೆ ಕೊಡಬಹುದಾಗಿತ್ತು. ಕೊಂಡ ಪುಸ್ತಕ ಮನೆಯ ಗೂಡಿನಲ್ಲಿ ಶಾಶ್ವತವಾಗಿ ಉಳಿಯುತ್ತಿತ್ತು. ಮೇಲೆ ಹೇಳಿದ ನಾಲ್ಕು ಹೊಸ್ತಿಲುಗಳನ್ನೂ ಒಬ್ಬ ಮನುಷ್ಯನ ಸಾನ್ನಿಧ್ಯವೇ ದಾಟಿಸಿಬಿಡುತ್ತಿತ್ತು. ಆನ್‌ಲೈನ್ ಅಂಗಡಿಯಲ್ಲಿ ಆ ಮನುಷ್ಯನಿಲ್ಲ. ಅವನ ಕೆಲಸವನ್ನೆಲ್ಲ ಒಂದು ಪುಟ ಮಾಡಬೇಕಾಗಿದೆ.

ಲೆಕ್ಕ ಹೇಳುವ ಸತ್ಯ

ಆದುದರಿಂದ ಮೊದಲು ಮಾಡತಕ್ಕದ್ದು ಎಣಿಕೆ. ಒಂದು ತಿಂಗಳಲ್ಲಿ ಅಂಗಡಿಗೆ 2000 ಮಂದಿ ಬಂದರೆಂದೂ, ಅವರಲ್ಲಿ 500 ಮಂದಿ ಯಾವುದಾದರೊಂದು ಪುಸ್ತಕದ ಪುಟವನ್ನು ತೆರೆದರೆಂದೂ, 60 ಮಂದಿ ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿದರೆಂದೂ, 15 ಮಂದಿ ಮಾತ್ರ ಹಣ ಕೊಟ್ಟು ಮುಗಿಸಿದರೆಂದೂ ಇಟ್ಟುಕೊಳ್ಳೋಣ. ಪ್ರಕಾಶಕನ ಕಣ್ಣಿಗೆ ಕಾಣುವುದು ಕಡೆಯ 15 ಮಾತ್ರ. ಆದರೆ ಕಥೆಯಿರುವುದು ಅದರ ಹಿಂದಿನ 60ರಲ್ಲಿ. ‘ಕೊಳ್ಳಿ’ ಎಂಬ ಗುಂಡಿಯನ್ನು ಒತ್ತಿದವನು ಪುಸ್ತಕವನ್ನು ಮೆಚ್ಚಿದ್ದಾನೆ, ಬೆಲೆಯನ್ನು ನೋಡಿದ್ದಾನೆ, ನೋಡಿ ಒಪ್ಪಿದ್ದಾನೆ. ಅಂಥ ಅರುವತ್ತು ಮಂದಿಯಲ್ಲಿ ನಲವತ್ತೈದು ಮಂದಿ ಹಣದ ಪೆಟ್ಟಿಗೆಯ ಮುಂದಿನಿಂದ ಎದ್ದುಹೋಗಿದ್ದಾರೆ. ಬೆಲೆಯನ್ನು ಅರ್ಧಕ್ಕಿಳಿಸಿದರೂ ಈ ನಲವತ್ತೈದು ಮಂದಿಯ ತೊಂದರೆ ಪರಿಹಾರವಾಗದು, ಏಕೆಂದರೆ ಅವರ ತೊಂದರೆ ಬೆಲೆಯದಲ್ಲ. ಅವರಲ್ಲಿ ಅರ್ಧದಷ್ಟು ಮಂದಿ, ಇಪ್ಪತ್ತೆರಡು ಜನ, ಉಳಿದರೂ ಸಾಕು, ಒಂದು ಕಾಸು ರಿಯಾಯಿತಿಯಿಲ್ಲದೆ ಮಾರಾಟ ಹದಿನೈದರಿಂದ ಮೂವತ್ತೇಳಕ್ಕೆ ಏರುತ್ತದೆ.

ಈ ಬಗೆಯ ನಷ್ಟ ಕನ್ನಡದ ಅಂಗಡಿಗಳಿಗೆ ಮಾತ್ರ ಬಂದ ದುರದೃಷ್ಟವೇನೂ ಅಲ್ಲ. ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆಯವರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೆಗೆದಿರುವ ಸರಾಸರಿಯಂತೆ, ಕಾರ್ಟಿಗೆ ಹಾಕಿಕೊಂಡ ಸರಕನ್ನು ಕೊಳ್ಳದೆ ಬಿಟ್ಟುಹೋಗುವುದು ಶೇಕಡ 70ರಷ್ಟು. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಕೊನೆಯ ಗಳಿಗೆಯಲ್ಲಿ ಹೊರಬೀಳುವ ಹೆಚ್ಚುವರಿ ಶುಲ್ಕವೂ, ಖಾತೆ ತೆರೆಯಲೇಬೇಕೆಂಬ ನಿರ್ಬಂಧವೂ ಅದರ ಪ್ರಮುಖ ಕಾರಣಗಳ ಸಾಲಿನಲ್ಲಿವೆ.

ಇದಕ್ಕೆ ವಿರುದ್ಧವಾಗಿ, ಐನೂರು ಮಂದಿ ಪುಟವನ್ನು ತೆರೆದು ಐದೇ ಮಂದಿ ‘ಕೊಳ್ಳಿ’ ಎಂದು ಒತ್ತಿದ್ದರೆ ದೋಷ ಪುಟದಲ್ಲಿದೆ. ಅಂಗಡಿಗೆ ಬಂದವರೇ ಐವತ್ತು ಮಂದಿಯಾಗಿದ್ದರೆ ದೋಷ ಅಂಗಡಿಯ ಹೊರಗಿದೆ. ಯಾವ ಹೊಸ್ತಿಲಿನಲ್ಲಿ ಜನ ಹೆಚ್ಚಾಗಿ ಹಿಂದಿರುಗಿದರೋ ಆ ಹೊಸ್ತಿಲನ್ನು ಮೊದಲು ಸರಿಪಡಿಸಬೇಕೆಂಬುದು ಅತಿ ಸರಳವಾದ ನಿಯಮ. ಅಂಗಡಿಯ ಬಣ್ಣ ಬದಲಾಯಿಸುವುದಕ್ಕೂ ಹೊಸ ಲಾಂಛನ ಬರೆಯಿಸುವುದಕ್ಕೂ ಹಣ ಸುರಿಯುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಕಣ್ಣಿಗೆ ಬೀಳುವುದು

ಕನ್ನಡ ಪುಸ್ತಕ ಆನ್‌ಲೈನಿನಲ್ಲಿ ಸಿಕ್ಕದಿರುವುದಕ್ಕೆ ನಮ್ಮದೇ ಆದ ಒಂದು ಕಾರಣವಿದೆ. 1991ರಲ್ಲಿ ಪ್ರಕಟವಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ದೊರೆತಿದ್ದರೂ, ನಮ್ಮ ಮುದ್ರಣಾಲಯಗಳು ಬಹುಕಾಲ ಪುಟ ಕಟ್ಟಿದ್ದು ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಅಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ. ಯಂತ್ರದೊಳಗೆ ಇರುವುದು ಕನ್ನಡದ ವೇಷ ಹಾಕಿದ ರೋಮನ್ ಸಂಕೇತಗಳು. ಬೆನ್ನುಡಿಯನ್ನು ಅಂಥ ಕಡತದಿಂದ ಎತ್ತಿ ಅಂಗಡಿಯ ಪುಟಕ್ಕೆ ಹಾಕಿದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಪರಿವರ್ತಿಸಿ ಹಾಕಿದರೂ ಅರ್ಕಾವತ್ತು ಸ್ಥಾನಪಲ್ಲಟ ಹೊಂದಿ, ಒತ್ತಕ್ಷರ ಕಳಚಿಕೊಂಡು ಬರುವುದುಂಟು. ಈ ಗೋಜೇ ಬೇಡವೆಂದು ಮುಖಪುಟದ ಚಿತ್ರವನ್ನು ಮಾತ್ರ ಹಾಕಿ ಸುಮ್ಮನಾದರೆ ಹುಡುಕುವ ಯಂತ್ರಕ್ಕೆ ಆ ಪುಸ್ತಕ ಇದ್ದೂ ಇಲ್ಲದಂತೆ.

ಹೆಸರುಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ‘ಅನಕೃ’ ಎಂದು ಒಂದು ಪುಸ್ತಕಕ್ಕೆ, ‘ಅ.ನ.ಕೃ.’ ಎಂದು ಮತ್ತೊಂದಕ್ಕೆ, ‘ಅ. ನ. ಕೃಷ್ಣರಾಯ’ ಎಂದು ಇನ್ನೊಂದಕ್ಕೆ ಬರೆದಿಟ್ಟರೆ, ನಮಗೆ ಅವರು ಒಬ್ಬರೇ ಆದರೂ ಯಂತ್ರಕ್ಕೆ ಮೂವರು. ಮೊದಲನೆಯದನ್ನು ಓದಿ ಮೆಚ್ಚಿದವನಿಗೆ ಉಳಿದೆರಡು ಪುಸ್ತಕಗಳನ್ನು ಅದು ತೋರಿಸುವುದೇ ಇಲ್ಲ. ಹುಡುಕುವವರಲ್ಲಿ ಬಹು ಮಂದಿ ಕನ್ನಡದ ಹೆಸರನ್ನೇ ರೋಮನ್ ಲಿಪಿಯಲ್ಲಿ ಒತ್ತುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ: ದೀರ್ಘಕ್ಕೆ ಎರಡು ‘ಎ’ ಹಾಕುವವರು ಕೆಲವರು, ಒಂದರಲ್ಲೇ ಮುಗಿಸುವವರು ಹಲವರು. ಪುಸ್ತಕದ ಹೆಸರು, ಲೇಖಕರ ಪೂರ್ಣನಾಮ, ಕಾವ್ಯನಾಮ, ರೋಮನ್ ಲಿಪಿಯ ಎರಡು ಮೂರು ರೂಪಗಳು, ಇವಿಷ್ಟನ್ನು ಪ್ರತಿಯೊಂದು ಪುಸ್ತಕಕ್ಕೂ ಒಂದೇ ಕ್ರಮದಲ್ಲಿ ಸೇರಿಸಿಡುವುದು ಗುಮಾಸ್ತಗಿರಿಯಂತೆ ತೋರುವ ನೀರಸವಾದ ಕೆಲಸ. ಆದರೆ ಜಾಹೀರಾತಿಗೆ ಸುರಿದ ಹಣ ತಿಂಗಳಿಗೆ ತೀರಿಹೋಗುತ್ತದೆ. ಈ ನೀರಸವಾದ ಕೆಲಸದ ಫಲ ವರ್ಷಾನುಗಟ್ಟಲೆ ನಿಲ್ಲುತ್ತದೆ.

ನಂಬಿಕೆ ಹುಟ್ಟುವುದು

ಆರೋ ಅವರ ತೊಡಕಿಗೆ ವ್ಯಾಪಾರಲೋಕ ಕಂಡುಕೊಂಡ ಪರಿಹಾರ ಮಾದರಿ. ಅಮೆಜಾನಿನವರು 2001ರಲ್ಲಿ ಪುಸ್ತಕದ ಕೆಲವು ಪುಟಗಳನ್ನು ತೆರೆದು ನೋಡುವ ಅವಕಾಶವನ್ನು ಕಲ್ಪಿಸಿದರು. 2003ರಲ್ಲಿ 1,20,000 ಪುಸ್ತಕಗಳ ಒಳಗೆಲ್ಲ ಹುಡುಕುವ ಸೌಲಭ್ಯವನ್ನು ಕೊಟ್ಟರು. ಅದೇ 2003ರ ಏಪ್ರಿಲಿನಲ್ಲಿ ಆಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆಯು ಹಾಡೊಂದಕ್ಕೆ 99 ಸೆಂಟಿನಂತೆ ಮಾರಾಟವನ್ನಾರಂಭಿಸಿ, ಮೊದಲ ವಾರದಲ್ಲಿಯೇ ಹತ್ತು ಲಕ್ಷಕ್ಕೂ ಮೀರಿ ಹಾಡುಗಳನ್ನು ಮಾರಿತು. ಹಾಡುಗಳು ಕಳ್ಳದಾರಿಯಲ್ಲಿ ಪುಕ್ಕಟೆಯಾಗಿ ದೊರೆಯುತ್ತಿದ್ದ ಕಾಲವದು. ಆ ಮಳಿಗೆಯಲ್ಲಿ ಪ್ರತಿಯೊಂದು ಹಾಡಿನ 30 ಸೆಕೆಂಡುಗಳನ್ನು ಕೇಳಿ ನೋಡಬಹುದಾಗಿತ್ತು, ಬೇಕಾದ ಒಂದೇ ಹಾಡನ್ನು ಬಿಡಿಯಾಗಿ ಕೊಳ್ಳಬಹುದಾಗಿತ್ತು, ಕೊಂಡದ್ದು ಕೂಡಲೇ ಕೈಗೆ ಬರುತ್ತಿತ್ತು. ಪುಕ್ಕಟೆಯೊಡನೆ ಸ್ಪರ್ಧಿಸಿದುದು ಬೆಲೆಯಿಂದಲ್ಲ, ಸೌಕರ್ಯದಿಂದ.

ನಮ್ಮ ಇ-ಪುಸ್ತಕಗಳಿಗೂ ಮಾದರಿಯುಂಟು; ಆದರೆ ಅದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಪುಸ್ತಕದ ಮೊದಲ ಹತ್ತನೆಯ ಒಂದು ಭಾಗವನ್ನು ಯಂತ್ರವೇ ಕತ್ತರಿಸಿ ಮಾದರಿಯೆಂದು ಕೊಡುವುದು ರೂಢಿಯಲ್ಲಿರುವ ಒಂದು ಪದ್ಧತಿ. ಇನ್ನೂರು ಪುಟದ ಕಾದಂಬರಿಯಾದರೆ ಇಪ್ಪತ್ತು ಪುಟ. ಅದರಲ್ಲಿ ಶೀರ್ಷಿಕೆಗೂ ಹಕ್ಕುಗಳ ವಿವರಕ್ಕೂ ಎರಡು ಪುಟ, ಅರ್ಪಣೆಗೆ ಒಂದು, ಪ್ರಕಾಶಕರ ಮಾತಿಗೆ ಎರಡು, ಹಿರಿಯ ವಿಮರ್ಶಕರ ಮುನ್ನುಡಿಗೆ ಎಂಟು, ಲೇಖಕರ ಅರಿಕೆಗೆ ನಾಲ್ಕು, ಕೃತಜ್ಞತೆಗೆ ಎರಡು, ಪರಿವಿಡಿಗೆ ಒಂದು; ಇಪ್ಪತ್ತೂ ಮುಗಿಯಿತು. ಕಥೆಯ ಮೊದಲ ವಾಕ್ಯ ಬರುವಷ್ಟರಲ್ಲಿ ‘ಮುಂದೆ ಓದಲು ಕೊಂಡುಕೊಳ್ಳಿ’ ಎಂಬ ಫಲಕ ಅಡ್ಡ ಬರುತ್ತದೆ. ಕಾದಂಬರಿಕಾರನ ಗದ್ಯದ ರುಚಿ ನೋಡಬಂದವನಿಗೆ ದೊರೆತದ್ದು ಮುನ್ನುಡಿಕಾರರ ಗದ್ಯ! ಮಾದರಿಯನ್ನು ಯಂತ್ರಕ್ಕೆ ಬಿಡದೆ, ಪುಸ್ತಕವನ್ನು ಓದಿಬಲ್ಲವರೊಬ್ಬರು ಕುಳಿತು, ಕಥೆ ಹಿಡಿತಕ್ಕೆ ಬರುವ ಅಧ್ಯಾಯವನ್ನು ಆರಿಸಿಕೊಡಬೇಕು. ಕವನ ಸಂಕಲನವಾದರೆ ನಾಲ್ಕು ಪೂರ್ಣ ಕವಿತೆಗಳು, ಆಡಿಯೋ ಪುಸ್ತಕವಾದರೆ ಓದುಗಾರನ ಧ್ವನಿಯ ಏರಿಳಿತ ತಿಳಿಯುವಂಥ ಐದು ನಿಮಿಷದ ಸಂಭಾಷಣೆಯ ಭಾಗ.

ಪುಟದ ಮೇಲಿನ ವಿವರಣೆಯ ಮಾತೂ ಇಷ್ಟೇ. ‘ಓದಲೇಬೇಕಾದ ಅಪೂರ್ವ ಕೃತಿ’ ಎಂಬ ಒಕ್ಕಣೆ ಎಲ್ಲ ಪುಸ್ತಕಗಳ ಮೇಲೆಯೂ ಇರುವುದರಿಂದ ಯಾವ ಪುಸ್ತಕದ ಬಗ್ಗೆಯೂ ಅದು ಏನನ್ನೂ ಹೇಳುವುದಿಲ್ಲ. ಕೊಳ್ಳುವವನಿಗೆ ಬೇಕಾದುದು ವಿಷಯ: ಕಥೆ ನಡೆಯುವುದು ಎಲ್ಲಿ, ಯಾವ ಕಾಲದಲ್ಲಿ, ಸಂಭಾಷಣೆ ಯಾವ ಸೀಮೆಯ ಕನ್ನಡದಲ್ಲಿದೆ, ಅಚ್ಚಿನಲ್ಲಿ ಎಷ್ಟು ಪುಟ, ಧ್ವನಿಯಲ್ಲಿ ಎಷ್ಟು ಗಂಟೆ, ಓದಿದವರಾರು, ಮೊದಲ ಮುದ್ರಣ ಯಾವ ವರ್ಷದ್ದು, ಫೋನಿನಲ್ಲಿ ತೆರೆಯುತ್ತದೆಯೆ, ಕಂಪ್ಯೂಟರಿನಲ್ಲಿಯೂ ತೆರೆಯುತ್ತದೆಯೆ, ಇಂಟರ್‌ನೆಟ್ ಇಲ್ಲದ ಊರಿನಲ್ಲಿ ಓದಬಹುದೆ. ಇವು ಅಂಗಡಿಯವನನ್ನು ಎದುರಿಗೆ ಕಂಡಿದ್ದರೆ ಗ್ರಾಹಕನು ಕೇಳುತ್ತಿದ್ದ ಪ್ರಶ್ನೆಗಳು. ಕೇಳುವ ಮೊದಲೇ ಉತ್ತರ ಬರೆದಿಡುವುದೇ ಜಾಣ್ಮೆ.

ನಂಬಿಕೆಯ ಇನ್ನೊಂದು ಆಧಾರ ಹಣ ಹಿಂದಿರುಗಿಸುವ ಭರವಸೆ. ಗಣಕಕ್ರೀಡೆಗಳನ್ನು ಮಾರುವ ಸ್ಟೀಮ್ ಎಂಬ ಮಳಿಗೆಯು 2015ರಿಂದ ಈಚೆಗೆ, ಕೊಂಡ ಹದಿನಾಲ್ಕು ದಿನಗಳೊಳಗೆ ಎರಡು ಗಂಟೆಗಿಂತ ಕಡಮೆ ಆಡಿದ್ದರೆ ಕಾರಣ ಕೇಳದೆ ಹಣ ಹಿಂದಿರುಗಿಸುವ ನಿಯಮವನ್ನಿಟ್ಟುಕೊಂಡಿದೆ. ಮೋಸಹೋಗುವ ಭಯವಿರುವುದು ಗ್ರಾಹಕನಿಗೆ ಮಾತ್ರವಲ್ಲ, ವ್ಯಾಪಾರಿಗೂ ಉಂಟೆಂಬುದನ್ನು ಒಪ್ಪಿಕೊಂಡು, ಕಾಲಕ್ಕೂ ಬಳಕೆಗೂ ಮಿತಿ ಹಾಕಿ ಇಬ್ಬರನ್ನೂ ಕಾಯುವ ಉಪಾಯವಿದು. ಪುಸ್ತಕಕ್ಕೂ ‘ಮೂರು ದಿನಗಳೊಳಗೆ, ಕಾಲು ಭಾಗ ಓದುವ ಮೊದಲು’ ಎಂಬಂಥ ನಿಯಮ ಅಸಾಧ್ಯವೇನಲ್ಲ. ನಮ್ಮ ದೇಶದ 2020ರ ಇ-ವಾಣಿಜ್ಯ ನಿಯಮಗಳೂ ಆನ್‌ಲೈನ್ ವ್ಯಾಪಾರಿಯು ಹಣ ವಾಪಸಾತಿಯ ಕ್ರಮವನ್ನು ಸ್ಪಷ್ಟವಾಗಿ ತಿಳಿಸಬೇಕೆಂದೂ, ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ಕೊಟ್ಟು ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ ವಿಧಿಸಿವೆ. ಕಾನೂನಿನ ಭಯಕ್ಕಾಗಿ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವ ಈ ಮಾತನ್ನೇ ‘ಕೊಳ್ಳಿ’ ಗುಂಡಿಯ ಕೆಳಗೆ ಒಂದು ಸಾಲಿನಲ್ಲಿ ಹಾಕಿದರೆ ಅದೇ ಮಾರಾಟಕ್ಕೆ ಸಹಾಯವಾಗುತ್ತದೆ.

ಹಣದ ದಾರಿ

2016ರಲ್ಲಿ ಯುಪಿಐ ಬಂದ ಮೇಲೆ ತರಕಾರಿ ಗಾಡಿಯ ಮುಂದೆ ನಿಂತು ಕ್ಷಣಮಾತ್ರದಲ್ಲಿ ಹಣ ಕೊಡಬಲ್ಲ ಗ್ರಾಹಕನಿಗೆ, ನೂರು ರೂಪಾಯಿಯ ಇ-ಪುಸ್ತಕ ಕೊಳ್ಳುವುದಕ್ಕೆ ಹೆಸರು, ವಿಳಾಸ, ಪಿನ್‌ಕೋಡ್, ಹುಟ್ಟಿದ ದಿನಾಂಕ, ಹೊಸ ಪಾಸ್‌ವರ್ಡ್, ಅದನ್ನು ದೃಢಪಡಿಸುವ ಒಟಿಪಿ, ಮತ್ತೆ ಬ್ಯಾಂಕಿನ ಒಟಿಪಿ ಎಂಬ ಪರೀಕ್ಷೆಗಳನ್ನೊಡ್ಡಿದರೆ ಅವನು ಎದ್ದುಹೋಗುವುದು ಸಹಜ. ಅಂಚೆಯಲ್ಲಿ ಹೋಗದ ವಸ್ತುವಿಗೆ ಪಿನ್‌ಕೋಡ್ ಏಕೆ? ಫೋನ್ ಸಂಖ್ಯೆಯೊಂದನ್ನು ಪಡೆದು, ಯುಪಿಐ ಮೂಲಕ ಹಣ ತೆಗೆದುಕೊಂಡು, ಪುಸ್ತಕವನ್ನು ಕೊಟ್ಟು, ಖಾತೆಯ ಮಾತನ್ನು ಆಮೇಲೆ ಎತ್ತಬಹುದು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ತೆರಬೇಕಾದ ಶುಲ್ಕವನ್ನು ಸರ್ಕಾರ ಸೊನ್ನೆ ಮಾಡಿದುದು ಸಣ್ಣ ಮೊತ್ತದ ಸರಕು ಮಾರುವವರಿಗೆ ದೊಡ್ಡ ಅನುಕೂಲ.

ತೆರಿಗೆಯನ್ನು ಕೊನೆಯ ಪುಟದಲ್ಲಿ ಸೇರಿಸುವ ಅಭ್ಯಾಸವೂ ಕೆಟ್ಟದ್ದು. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಉಂಟು. ಶೇಕಡ 18ರಷ್ಟಿದ್ದ ಅದನ್ನು 2018ರ ಜುಲೈಯಲ್ಲಿ, ಮುದ್ರಿತ ರೂಪವೂ ಇರುವ ಪುಸ್ತಕಗಳ ಮಟ್ಟಿಗೆ, 5ಕ್ಕೆ ಇಳಿಸಲಾಯಿತು. ನೂರು ರೂಪಾಯಿಯೆಂದು ಮನಸ್ಸು ಮಾಡಿದವನಿಗೆ ಕಡೆಯಲ್ಲಿ ನೂರೈದು ಎಂದರೆ ಅವನನ್ನು ನೋಯಿಸುವುದು ಆ ಐದು ರೂಪಾಯಿಯಲ್ಲ, ಮೊದಲೇ ಹೇಳಲಿಲ್ಲವಲ್ಲ ಎಂಬ ಅಸಮಾಧಾನ. ತೆರಿಗೆಯೂ ಒಳಗೊಂಡ ಬೆಲೆಯನ್ನೇ ಮೊದಲ ಪುಟದಲ್ಲಿ ಬರೆದರೆ ಈ ಪ್ರಸಂಗವೇ ಬಾರದು.

ಪರದೇಶಗಳಲ್ಲಿರುವ ಕನ್ನಡಿಗರನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಇ-ಪುಸ್ತಕಕ್ಕೆ ಅವರಷ್ಟು ಸಹಜವಾದ ಗ್ರಾಹಕರಿಲ್ಲ: ಅಚ್ಚಿನ ಪುಸ್ತಕವನ್ನು ಅಮೆರಿಕಕ್ಕೋ ಇಂಗ್ಲೆಂಡಿಗೋ ತರಿಸಿಕೊಳ್ಳುವ ವೆಚ್ಚ ಪುಸ್ತಕದ ಬೆಲೆಯನ್ನೇ ಮೀರುವುದುಂಟು. ಆದರೆ ನಮ್ಮ ಅಂಗಡಿ ಹತ್ತಂಕಿಯ ಭಾರತೀಯ ಫೋನ್ ಸಂಖ್ಯೆಯನ್ನೇ ಕೇಳಿ, ಅದಕ್ಕೇ ಒಟಿಪಿ ಕಳಿಸಿ, ಪರದೇಶದ ಕಾರ್ಡನ್ನು ತಿರಸ್ಕರಿಸಿದರೆ, ಹಣವಿದ್ದು, ಮನಸ್ಸಿದ್ದು, ಹಂಬಲವಿದ್ದು ಬಂದವನನ್ನು ಬಾಗಿಲಲ್ಲೇ ತಡೆದಂತಾಗುತ್ತದೆ.

ಒಡೆತನದ ಭಾವನೆ

ಕೊಂಡ ಮೇಲೆ ಏನು? 2009ರ ಜುಲೈಯಲ್ಲಿ ಅಮೆಜಾನ್ ಸಂಸ್ಥೆಯು, ಹಕ್ಕಿಲ್ಲದವರು ಮಾರಾಟಕ್ಕಿಟ್ಟಿದ್ದರೆಂಬ ಕಾರಣಕ್ಕೆ, ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕಾದಂಬರಿಗಳ ಪ್ರತಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಲ್ಲಿದ್ದುಕೊಂಡೇ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿದರೂ ದೊಡ್ಡ ಕೋಲಾಹಲವೆದ್ದು, ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಬೇಕಾಯಿತು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಇ-ಪುಸ್ತಕದ ಮಳಿಗೆಯನ್ನೇ ಮುಚ್ಚಿದಾಗ ಅಲ್ಲಿ ಕೊಂಡಿದ್ದ ಪುಸ್ತಕಗಳೂ ಮಾಯವಾದವು. ಅಲ್ಲಿಯೂ ಹಣ ಹಿಂದಿರುಗಿತು, ಪುಸ್ತಕ ಹಿಂದಿರುಗಲಿಲ್ಲ. ಜಗತ್ಪ್ರಸಿದ್ಧ ಸಂಸ್ಥೆಗಳೇ ಹೀಗಾದ ಮೇಲೆ, ನಿನ್ನೆ ಮೊನ್ನೆ ಹುಟ್ಟಿದ ಕನ್ನಡದ ಅಂಗಡಿ ನಾಳೆ ಮುಚ್ಚಿಹೋದರೆ ತನ್ನ ಪುಸ್ತಕಗಳ ಗತಿಯೇನೆಂದು ಓದುಗ ಯೋಚಿಸುವುದರಲ್ಲಿ ತಪ್ಪಿಲ್ಲ. ಫೋನ್ ಬದಲಾದರೂ ಪುಸ್ತಕ ಮರಳಿ ದೊರೆಯುವುದೆಂಬುದನ್ನೂ, ಅಂಗಡಿ ನಿಂತುಹೋದ ಪಕ್ಷದಲ್ಲಿ ಕಡತವನ್ನು ಇಳಿಸಿಕೊಳ್ಳಲು ಇಷ್ಟು ಕಾಲ ಅವಕಾಶವಿರುವುದೆಂಬುದನ್ನೂ ಮುಂಚಿತವಾಗಿ ಬರೆದು ಕೊಡುವುದು ಈ ಆತಂಕಕ್ಕೆ ಉತ್ತರ.

ಓದುವ ಅನುಭವವೂ ಒಡೆತನದ ಭಾಗವೇ. ಅಚ್ಚಿಗೆಂದು ಕಟ್ಟಿದ ಪಿಡಿಎಫ್ ಅನ್ನೇ ಇ-ಪುಸ್ತಕವೆಂದು ಮಾರಿದರೆ ಅಂಗೈಯಗಲದ ತೆರೆಯ ಮೇಲೆ ಒಂದೊಂದು ಸಾಲನ್ನೂ ಎಡಕ್ಕೂ ಬಲಕ್ಕೂ ಎಳೆದಾಡಿ ಓದಬೇಕಾಗುತ್ತದೆ. ಅಕ್ಷರವನ್ನು ಹಿಗ್ಗಿಸಿದರೆ ಸಾಲು ತಾನಾಗಿ ಮುರಿದುಕೊಳ್ಳುವ ಇ-ಪಬ್ ರೂಪ ಕಣ್ಣು ಮಂಜಾದ ಹಿರಿಯರಿಗೆ ಅಚ್ಚಿನ ಪುಸ್ತಕವೂ ಕೊಡಲಾರದ ಸೌಲಭ್ಯವನ್ನು ಕೊಡುತ್ತದೆ. ಹಳೆಯ ಪುಸ್ತಕಗಳ ಪಿಡಿಎಫ್‌ಗಳು ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಅಕ್ರಮವಾಗಿ ಹರಿದಾಡುತ್ತಿರುವಾಗ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿಯಂಥ ತಾಣಗಳಲ್ಲಿ ಸಕ್ರಮವಾಗಿಯೇ ಎಷ್ಟೋ ಗ್ರಂಥಗಳು ಉಚಿತವಾಗಿ ದೊರೆಯುತ್ತಿರುವಾಗ, ಹಣಕ್ಕೆ ಮಾರುವವನು ಅವುಗಳಿಗಿಂತ ಮಿಗಿಲಾದದ್ದನ್ನು ಕೊಡಲೇಬೇಕು: ಕರಡು ತಿದ್ದಿದ ಶುದ್ಧ ಪಾಠ, ಒಳಗೆಲ್ಲ ಹುಡುಕುವ ಅನುಕೂಲ, ನಿಲ್ಲಿಸಿದಲ್ಲಿಂದ ಓದುವ ಸೌಕರ್ಯ, ಮತ್ತು ತಾನು ಕೊಟ್ಟ ಹಣದಲ್ಲಿ ಲೇಖಕನಿಗೆ ಪಾಲು ಸಲ್ಲುತ್ತದೆಂಬ ನೆಮ್ಮದಿ.

ಬೆಲೆಯ ಸರದಿ

ನಾಲ್ಕು ಹೊಸ್ತಿಲುಗಳೂ ಸುಗಮವಾದ ಮೇಲೆ ಬೆಲೆಯ ವಿಚಾರ. ನೂರು ರೂಪಾಯಿಯ ಸರಕನ್ನು ಐವತ್ತಕ್ಕಿಳಿಸಿದರೆ ಮೊದಲಿನ ಆದಾಯವೇ ಬರುವುದಕ್ಕೆ ಮಾರಾಟ ಇಮ್ಮಡಿಯಾಗಬೇಕು. ಪ್ರತಿ ಪಾವತಿಗೂ ಮೂರು ರೂಪಾಯಿ ಖರ್ಚಿದ್ದರೆ, ಉಳಿಯುವುದು 97ರ ಬದಲು 47 ಆದುದರಿಂದ, ಇಮ್ಮಡಿಯನ್ನೂ ಮೀರಬೇಕು. ಆ್ಯಪ್ ಮಳಿಗೆಯೊಳಗೇ ಹಣ ಪಡೆಯುವ ವ್ಯವಸ್ಥೆಯಿದ್ದರೆ ಅದರ ಕಮಿಷನ್ ಬೇರೆ. ಇಷ್ಟಾಗಿ, ಇಂದು ಐವತ್ತಕ್ಕೆ ಕೊಂಡವನು ನಾಳೆ ನೂರು ಕೊಡುವುದಿಲ್ಲ. ಮುಂದಿನ ರಿಯಾಯಿತಿಗಾಗಿ ಕಾಯುತ್ತಾನೆ.

ಇಳಿಸುವುದಕ್ಕಿಂತ ಕೂಡಿಸುವುದು ಲೇಸು. ಒಬ್ಬ ಓದುಗ ಕಾದಂಬರಿಗೆ 120 ರೂಪಾಯಿಯನ್ನೂ ಕವನ ಸಂಕಲನಕ್ಕೆ 40ನ್ನೂ ಕೊಡಲು ಸಿದ್ಧನಿದ್ದಾನೆ; ಇನ್ನೊಬ್ಬ ಕವನಕ್ಕೆ 120, ಕಾದಂಬರಿಗೆ 40. ಎರಡಕ್ಕೂ ತಲಾ 120 ಎಂದು ಬೆಲೆಯಿಟ್ಟರೆ ಬರುವುದು 240. ತಲಾ 40 ಎಂದರೆ ನಾಲ್ಕು ಪ್ರತಿ ಹೋಗಿ 160 ಬರುತ್ತದೆ. ಎರಡನ್ನೂ ಸೇರಿಸಿ 160ಕ್ಕೆ ಕೊಟ್ಟರೆ ಇಬ್ಬರೂ ಕೊಳ್ಳುತ್ತಾರೆ, 320 ಬರುತ್ತದೆ. ಇನ್ನೊಂದು ಪ್ರತಿಗೆ ಖರ್ಚಿಲ್ಲದ ಸರಕಿನಲ್ಲಿ ಈ ಗಣಿತ ವಿಶೇಷವಾಗಿ ಫಲಿಸುತ್ತದೆ. ಜಿ. ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಮಾಲೆಯಾಗಿ ತಲುಪಿಸಿದುದರ ಹಿಂದೆಯೂ ಇಂಥದೇ ವಿವೇಕವಿತ್ತು: ಓದುಗ ಒಂದೊಂದು ಪುಸ್ತಕವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಬದಲು ಆರಿಸುವವರ ಅಭಿರುಚಿಯನ್ನು ನಂಬಿ ಹಣ ಕೊಡುತ್ತಿದ್ದ. ಇ-ಪುಸ್ತಕದ ಅಂಗಡಿಗೂ ಅಂಥ ಚಂದಾ ಪದ್ಧತಿ ಸಾಧ್ಯ, ಆರಿಸುವವರ ಹೆಸರು ಹೇಳುವ ಧೈರ್ಯವಿದ್ದರೆ.

ಅಡ್ಡದಾರಿಗಳೂ ಇಲ್ಲದಿಲ್ಲ. ‘ಇನ್ನು ಎರಡೇ ಪ್ರತಿ ಉಳಿದಿವೆ’ ಎಂಬ ಎಚ್ಚರಿಕೆಯನ್ನು, ಎಂದಿಗೂ ಮುಗಿಯಲಾರದ ಡಿಜಿಟಲ್ ಸರಕಿನ ಮೇಲೆ ಹಾಕುವುದು ಅಪ್ಪಟ ಸುಳ್ಳು. ಹುಸಿ ಅವಸರ ಹುಟ್ಟಿಸುವುದು, ಕೇಳದ ಸರಕನ್ನು ಕಾರ್ಟಿಗೆ ಸೇರಿಸುವುದು, ಮೊದಲೇ ತಿಳಿಸದ ಶುಲ್ಕಗಳನ್ನು ಹಂತಹಂತವಾಗಿ ಬೆಲೆಗೆ ಸೇರಿಸುತ್ತ ಹೋಗುವುದು ಮೊದಲಾದ 13 ಬಗೆಯ ವಂಚನೆಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಪಟ್ಟಿಮಾಡಿ ನಿಷೇಧಿಸಿದೆ. ಕಾನೂನು ಇರಲಿ ಬಿಡಲಿ, ಓದುಗರ ವರ್ಗ ಚಿಕ್ಕದಾಗಿರುವ ಭಾಷೆಯಲ್ಲಿ ಒಮ್ಮೆ ಮೋಸಹೋದವನ ಮಾತು ಬೇಗ ಹಬ್ಬುತ್ತದೆ.

ಕಡೆಯದಾಗಿ ತಾಳ್ಮೆಯ ಮಾತು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಫಲವನ್ನು ಕಾಯಬೇಕು. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ತಿಂಗಳಿಗೆ ಹದಿನೈದು ಮಾರಾಟವಿರುವ ಅಂಗಡಿಯಲ್ಲಿ ನಾಲ್ಕರಷ್ಟು ಹೆಚ್ಚು ಕಡಮೆ ಯಾವ ಕಾರಣವೂ ಇಲ್ಲದೆ ಆಗಬಹುದು; ಹದಿನೈದು ಹತ್ತೊಂಬತ್ತಾದ ಮಾತ್ರಕ್ಕೆ ಉಪಾಯ ಗೆದ್ದಿತೆಂದು ಹಿಗ್ಗಬಾರದು. ರಾಜ್ಯೋತ್ಸವದ ನವೆಂಬರನ್ನು ಅಕ್ಟೋಬರಿನೊಡನೆ ಹೋಲಿಸಿಯೂ ಪ್ರಯೋಜನವಿಲ್ಲ. ಅಂಕೆಗಳು ಇಷ್ಟು ಸಣ್ಣವಾಗಿರುವೆಡೆಯಲ್ಲಿ ಅವುಗಳಿಗಿಂತ ಹೆಚ್ಚನ್ನು ತಿಳಿಸುವುದು ಪರಿಚಿತರೊಬ್ಬರ ಕೈಗೆ ಫೋನ್ ಕೊಟ್ಟು, ‘ಇಲ್ಲಿಂದ ಒಂದು ಪುಸ್ತಕ ಕೊಂಡುಕೊಳ್ಳಿ’ ಎಂದು ಹೇಳಿ, ಪಕ್ಕದಲ್ಲಿ ಕುಳಿತು, ತುಟಿ ಬಿಚ್ಚದೆ ನೋಡುವುದು. ಅವರ ಬೆರಳು ಎಲ್ಲಿ ತಡೆಯಿತೋ ಅಲ್ಲಿ ಅಂಗಡಿಯ ದೋಷವಿದೆ. ಅದನ್ನು ತಿದ್ದಿ, ಮುಂದಿನದನ್ನು ಹುಡುಕಿ, ಅದನ್ನೂ ತಿದ್ದಿದ ಮೇಲೆಯೂ ಮಾರಾಟವಾಗದಿದ್ದರೆ, ಆಗ ಬೆಲೆಯನ್ನು ಮುಟ್ಟುವುದಕ್ಕೆ ಪ್ರಕಾಶಕನಿಗೆ ಅಧಿಕಾರ ಬರುತ್ತದೆ; ಕನ್ನಡಕ್ಕೆ ಓದುಗರಿಲ್ಲವೆಂಬ ತೀರ್ಪು ಕೊಡುವ ಅಧಿಕಾರ ಅದಕ್ಕೂ ಆಚೆಯದು.